ಗಾಡಿಗೆಂದು ಬೆಳೆದ ಕಾಳು

ನನ್ನ ಸೇವೆಯಲ್ಲಿ ಎರಡು ಸಲ ರೈತರ ಮುಂದೆ ನಿಂತು ಒಂದೇ ಮಾತು ಹೇಳಿದ್ದೇನೆ: "ನೀವು ಬರೀ ಅನ್ನ ಕೊಡುವವರಲ್ಲ, ಇನ್ನು ಮುಂದೆ ಇಂಧನವನ್ನೂ ಕೊಡುವವರು." ಮೊದಲ ಸಲ ಹೇಳುವಾಗ ನನಗೆ ಅದರಲ್ಲಿ ನಂಬಿಕೆಯಿತ್ತು. ಎರಡನೆಯ ಸಲ ಇರಲಿಲ್ಲ. ಆದರೂ ಹೇಳಿದೆ.

ಕೃಷಿ ಇಲಾಖೆಗೆ ಹೊಸದಾಗಿ ಸೇರಿದ ಕೆಲವು ಮಕ್ಕಳು ಬಂದು "ನಿಮ್ಮ ಅನುಭವ ಬರೆದುಕೊಡಿ ಮೇಡಂ" ಎಂದರು. ಬಡ್ತಿ, ವರ್ಗಾವಣೆ, ಕೊನೆಯ ದಿನ ಹೊದೆಸಿದ ಶಾಲು ಇವೆಲ್ಲ ಎಲ್ಲರಿಗೂ ಆಗುವಂಥವೇ. ಹಾಗಾಗಿ ಈ ಒಂದು ಮಾತಿನ ಹಿಂದೆ ಏನೇನು ನಡೆಯಿತು ಎನ್ನುವುದನ್ನಷ್ಟೇ ಬರೆಯುತ್ತೇನೆ. ನಡುನಡುವೆ ಸಿಟ್ಟು ಕಂಡರೆ ಸಹಿಸಿಕೊಳ್ಳಿ. ನೆನೆದರೆ ಈಗಲೂ ಬರುತ್ತದೆ.

ಮೊದಲ ಸಲ ನಾನು ಬೆಟ್ಟದಪುರದಲ್ಲಿದ್ದೆ. ಹದಿನೈದು ಹದಿನಾರು ವರ್ಷದ ಹಿಂದಿನ ಮಾತು. ಮೊಪೆಡ್ಡಿನಲ್ಲಿ ಊರೂರು ತಿರುಗಿ ಬೀಜ, ಗೊಬ್ಬರ, ರೋಗದ ವಿಚಾರ ಹೇಳುವುದು ನನ್ನ ಕೆಲಸ. ಒಂದು ದಿನ ಮೇಲಧಿಕಾರಿ ನಾಗಭೂಷಣ ಸಾಹೇಬರು ನಮ್ಮನ್ನೆಲ್ಲ ಕರೆಸಿ ಮೇಜಿನ ಮೇಲೆ ಒಂದು ಹಿಡಿ ಕಪ್ಪು ಬೀಜ ಸುರಿದರು. ನೋಡಿದರೆ ಕಾಡುಹರಳು. ದನ ಬಾಯಿ ಹಾಕುವುದಿಲ್ಲವೆಂದು ನಮ್ಮ ಜನ ಬೇಲಿಗೆ ನೆಡುವ ಗಿಡ. ಇದರ ಎಣ್ಣೆಯಿಂದ ಡೀಸೆಲ್ ಆಗುತ್ತದೆ, ಊಟದ ಬೆಳೆಗೆ ಒಂದಿಷ್ಟೂ ತೊಂದರೆಯಿಲ್ಲ, ಏಕೆಂದರೆ ನೆಡುವುದು ಪಾಳು ಭೂಮಿಯಲ್ಲಿ ಮಾತ್ರ ಎಂದು ಸಾಹೇಬರು ಹೇಳಿದರು.

ಪಾಳು ಭೂಮಿಯ ಪಟ್ಟಿ ಮಾಡಿಕೊಂಡು ಬನ್ನಿ ಎಂದು ನನ್ನನ್ನು ಅಟ್ಟಿದರು. ಹೊರಟೆ. ಒಂದೊಂದು ಊರಿನಲ್ಲೂ ಪಾಳು ಎಂದು ಕಾಗದದಲ್ಲಿದ್ದ ಜಾಗಕ್ಕೆ ಹೋಗಿ ನೋಡಿದರೆ, ಒಂದು ಕಡೆ ಕುರಿ ಮೇಯುತ್ತಿದ್ದವು. ಇನ್ನೊಂದು ಕಡೆ ಹೆಂಗಸರು ಮಡಿಲು ಕಟ್ಟಿಕೊಂಡು ಸಾರಿಗೆ ಬೆರಕೆ ಸೊಪ್ಪು ಕೀಳುತ್ತಿದ್ದರು. ಮತ್ತೊಂದು ಕಡೆ ಕಣ. ಯಾರಿಗೂ ಬೇಡವಾದ ಜಾಗ ಒಂದೂ ಸಿಗಲಿಲ್ಲ. ಹಾಗೆಂದು ಬರೆದುಕೊಂಡು ಹೋದೆ. "ಏನಮ್ಮ ಸರೋಜ, ನಾನು ಪಟ್ಟಿ ಕೇಳಿದರೆ ನೀವು ಕತೆ ಬರೆದು ತಂದಿದ್ದೀರಿ," ಎಂದರು ಸಾಹೇಬರು. ಅಷ್ಟರಲ್ಲಿ ಗಿಡ ತುಂಬಿದ ಲಾರಿ ಬಂದೇಬಿಟ್ಟಿತ್ತು. ಪ್ಲಾಸ್ಟಿಕ್ ಚೀಲದ ಸಸಿಗಳು ಕಚೇರಿಯ ಮುಂದೆ ಬಿಸಿಲಲ್ಲಿ ಬಾಡುತ್ತಿದ್ದವು. ಎಲ್ಲಾದರೂ ಸರಿ, ನೆಡಿಸಿ ಎಂದು ಆಜ್ಞೆಯಾಯಿತು. ಎಲ್ಲಾದರೂ ಎಂದರೆ ಎಲ್ಲಿ? ಕೊನೆಗೆ ಅವು ಹೋಗಿ ಕೂತದ್ದು ಹೊಲದ ಬದುಗಳ ಮೇಲೆ.

ಬದು ಎಂದರೆ ಬರೀ ಮಣ್ಣಿನ ದಿಬ್ಬವಲ್ಲ. ನಮ್ಮ ಸೀಮೆಯಲ್ಲಿ ತೊಗರಿ, ಅವರೆ, ಅಲಸಂದೆ ಬರುತ್ತಿದ್ದುದು ಅಲ್ಲೇ. ಹೊಲಕ್ಕೆ ಹೊಗೆಸೊಪ್ಪು ಹಾಕಿದವನೂ ಸಾರಿಗೆ ಬೇಳೆ ಕೊಳ್ಳುತ್ತಿರಲಿಲ್ಲ. ಸಣ್ಣೇಗೌಡರೆಂಬ ರೈತರ ಬದುವಿನಲ್ಲಿ ಗುಂಡಿ ತೋಡಿಸುತ್ತಿದ್ದಾಗ ಅವರು ಬೀಜವೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಮೇಡಮ್ನೋರೆ, ಇದರೆಣ್ಣೆ ಒಗ್ಗರಣೆಗೆ ಬತ್ತದಾ?"

"ಇಲ್ಲ ಗೌಡರೇ. ತಿನ್ನುವಂಥದ್ದಲ್ಲ."

"ಇಂಡಿ ದನಕ್ಕೆ ಆಕಬೌದಾ?"

"ಅದೂ ಆಗಲ್ಲ. ಗಾಡಿಗೆ ಹಾಕುವುದು. ಬಸ್ಸು, ಕಾರು..."

"ನನ್ ತಾವು ಗಾಡಿ ಇಲ್ವಲ್ಲ ತಾಯಿ," ಎಂದು ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ಮರುಕಪಟ್ಟವರಂತೆ, "ಆಗ್ಲಿ ನೆಡಿ. ನೀವು ಯೋಳ್ತಿದ್ದೀರಲ್ಲ," ಎಂದರು.

ಆ ಕೊನೆಯ ಮಾತನ್ನು ಹೊಸಬರು ನೆನಪಿಡಬೇಕು. ರೈತರು ನಮ್ಮ ಯೋಜನೆಯನ್ನು ನಂಬುವುದಿಲ್ಲ. ಮಳೆಯಲ್ಲಿ ನೆನೆದು ಬಂದು ನಿಂತವರ ಮುಖಕ್ಕೆ ಇಲ್ಲ ಎನ್ನಲಾರದೆ ಒಪ್ಪುತ್ತಾರೆ. ನಾವು ಅದನ್ನೇ "ರೈತರ ಉತ್ಸಾಹ" ಎಂದು ವರದಿ ಮಾಡುತ್ತೇವೆ.

ಮರುವರ್ಷ ನನ್ನನ್ನು ಅಂತರಸಂತೆಯ ಕಡೆಗೆ ಹಾಕಿದರು. ಅಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಬರೆಯುತ್ತೇನೆ. ಊರಿನ ಹೆಸರು ಬೇಡ. ಅಲ್ಲಿನ ಶಾಲೆಯ ಪಕ್ಕದ ಹೊಲ ಚಿಕ್ಕತಾಯಮ್ಮ ಎಂಬಾಕೆಯದು. ಗಂಡ ಸತ್ತ ಮೇಲೆ ತಾನೇ ಮುಂದೆ ನಿಂತು ಬೇಸಾಯ ನಡೆಸುತ್ತಿದ್ದ ಹೆಂಗಸು. ಶಾಲೆಗೂ ಆ ಹೊಲಕ್ಕೂ ನಡುವಿನ ಬೇಲಿಯ ಮೇಲೆ ಅವರೆ ಬಳ್ಳಿ ಹಬ್ಬಿತ್ತು. ಗುರಿ ಮುಟ್ಟಿಸುವ ಆತುರದಲ್ಲಿ ನಾನು ಅದನ್ನು ತೆಗೆಸಿ ಸಾಲಾಗಿ ಕಾಡುಹರಳು ನೆಡಿಸಿದೆ. ಕಾಯಿ ವಿಷವೆಂದು ನನಗೆ ಗೊತ್ತಿತ್ತು. ಕರಪತ್ರದ ತಳದಲ್ಲಿ ಸಣ್ಣಕ್ಷರದಲ್ಲಿ ಹಾಗೆಂದು ಅಚ್ಚೂ ಆಗಿತ್ತು. ಬಾಯಿಬಿಟ್ಟು ಹೇಳಿದೆನೇ? ಹೇಳಿದ ನೆನಪಿಲ್ಲ.

ಎರಡು ಮಳೆಗಾಲ ಕಳೆದು ಕಾಯಿ ಬಿಟ್ಟಿತು. ಒಂದು ಮಧ್ಯಾಹ್ನ ಕಚೇರಿಗೆ ಫೋನು ಬಂತು. ಶಾಲೆಯ ಆರೇಳು ಮಕ್ಕಳಿಗೆ ವಾಂತಿ, ಹೊಟ್ಟೆನೋವು. ಎಲ್ಲರನ್ನೂ ಜೀಪಿನಲ್ಲಿ ತಾಲ್ಲೂಕು ಕೇಂದ್ರವಾದ ಕೋಟೆಯ ಆಸ್ಪತ್ರೆಗೆ ಸಾಗಿಸಿದ್ದಾರೆ. ಮೊಪೆಡ್ಡಿನಲ್ಲಿ ನಾನು ಹೇಗೆ ಹೋದೆನೋ ತಿಳಿಯದು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಚಿಕ್ಕತಾಯಮ್ಮ ಕೂತಿದ್ದರು. ಒಳಗಿದ್ದ ಮಕ್ಕಳಲ್ಲಿ ಅವರ ಮೊಮ್ಮಗಳು ಭಾಗ್ಯಳೂ ಇದ್ದಳು. "ಆ ಕಾಯಿ ತಿನ್ನಬಾರದಿತ್ತು," ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

ಅವರು ಕೂಗಾಡಲಿಲ್ಲ. "ಆ ಬೇಲೀಲಿ ಅವರೆಕಾಯಿ ಇತ್ತಲ್ಲ ಮೇಡಮ್ನೋರೆ. ಐಕ್ಳು ದಿನಾ ಕಿತ್ಕಂಡು ತಿಂತಿದ್ವು. ನಾನೇ ತಿನ್ಲಿ ಬುಡು ಅಂತಿದ್ದೆ. ಬೇಲೀಲಿ ಇರದು ತಿನ್ನದು ಅಂತ ಅವು ಕಲ್ತವೆ. ತಿನ್ಬಾರದ್ದ ತಂದು ಮಡಗಿದ್ದು ನೀವಲ್ವಾ?"

ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಎಲ್ಲರೂ ಚೇತರಿಸಿಕೊಂಡಿದ್ದಾರೆ, ಹೆದರಬೇಡಿ ಎಂದರು. ಗೋಡೆಗೆ ಒರಗಿ ನಿಂತು ಅತ್ತುಬಿಟ್ಟೆ. ಮಾರನೆಯ ದಿನ ಮಚ್ಚು ಹಿಡಿದು ಆ ಸಾಲನ್ನು ಕಡಿಯಲು ಹೋದೆ. ಚಿಕ್ಕತಾಯಮ್ಮ ಆಗಲೇ ಅರ್ಧ ಕಡಿದು ಹಾಕಿದ್ದರು. ಇಬ್ಬರೂ ಸೇರಿ ಉಳಿದರ್ಧ ಕಡಿದೆವು. ನಮ್ಮ ಪರಿಚಯ ಗಟ್ಟಿಯಾದದ್ದು ಅಂದಿನಿಂದ.

ನಾನು ಕಳಿಸಿದ ವರದಿಯ ಮೇಲೆ ನಾಗಭೂಷಣ ಸಾಹೇಬರು ಬರೆದದ್ದು: "ಸಾರ್ವಜನಿಕರಲ್ಲಿ ಅರಿವು ಮೂಡಿಸುವುದು." ಅರಿವು ಮೂಡಬೇಕಾದದ್ದು ಯಾರಿಗೆ ಎಂದು ಕೇಳುವ ಧೈರ್ಯ ಆಗ ಇರಲಿಲ್ಲ.

ಇನ್ನು ಆ ಬೀಜವನ್ನು ಕೊಳ್ಳುವವರೂ ಬರಲಿಲ್ಲ. ಸಣ್ಣೇಗೌಡರು ಅರ್ಧ ಮೂಟೆ ಬೀಜವನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹುಣಸೂರಿನ ಅಂಗಡಿ ಅಂಗಡಿ ತಿರುಗಿದರಂತೆ. ಯಾರೂ ಮುಟ್ಟಲಿಲ್ಲ. ಗಿಡ ಕಿತ್ತು ಮತ್ತೆ ತೊಗರಿ ಹಾಕೋಣವೆಂದರೆ ಮನೆಯ ಬೀಜ ಮುಗಿದಿತ್ತು. ಅದೇ ಹೊತ್ತಿಗೆ ಅಂಗಡಿಯಲ್ಲಿ ಬೇಳೆ ಏರಿ ಕೂತಿತ್ತು. ಹುಟ್ಟಿದಾಗಿನಿಂದ ಬೇಳೆ ಕೊಂಡರಿಯದವರು ಕಾಲು ಕೇಜಿ ಪೊಟ್ಟಣ ಕಟ್ಟಿಸಿಕೊಂಡು ಹೋಗುವುದನ್ನು ಒಮ್ಮೆ ಬೆಟ್ಟದಪುರಕ್ಕೆ ಹೋದಾಗ ಅಲ್ಲಿನ ಅಂಗಡಿ ಬೀದಿಯಲ್ಲಿ ನಾನೇ ಕಂಡೆ. ಬೇಳೆ ತುಟ್ಟಿಯಾದದ್ದಕ್ಕೆ ನಮ್ಮ ಗಿಡವೇ ಕಾರಣವೆಂದು ಹೇಳಲಾರೆ. ಮಳೆ, ಸಾಗಣೆ, ದಲ್ಲಾಳಿ ಎಲ್ಲ ಸೇರಿರುತ್ತದೆ. ಆದರೆ ಬೇಳೆ ಕೊಳ್ಳಬೇಕಾಗಿಲ್ಲದಿದ್ದ ಮನೆಯನ್ನು ಕೊಳ್ಳುವವರ ಸಾಲಿಗೆ ತಂದು ನಿಲ್ಲಿಸಿದವರು ನಾವು.

ಆಮೇಲೆ ಕೆಲವು ವರ್ಷ ಕೆ.ಆರ್. ನಗರದ ಭೇರ್ಯದಲ್ಲಿದ್ದೆ. ನಾಲೆಯ ನೀರು, ಭತ್ತ, ಅಕ್ಕಿ ಗಿರಣಿ. ಗಿರಣಿಯಲ್ಲಿ ಅಕ್ಕಿ ಬೇರೆಯಾಗಿ ಉಳಿದ ನುಚ್ಚನ್ನು ಸುತ್ತಲ ಕೂಲಿ ಹೆಂಗಸರು ಅಗ್ಗಕ್ಕೆ ಅಳೆಸಿಕೊಂಡು ಹೋಗುತ್ತಿದ್ದರು. ಬೆಳಗ್ಗೆ ಅದರ ಗಂಜಿ, ಉಪ್ಪಿಟ್ಟು, ಉಳಿದದ್ದು ಕೋಳಿಗೆ. ಒಂದು ದಿನ ಗಿರಣಿಗೆ ಹೋದಾಗ ನಾಲ್ಕೈದು ಹೆಂಗಸರು ಬರಿಯ ಚೀಲ ಹಿಡಿದು ನಿಂತಿದ್ದರು.

"ಬಿಡಿಬಿಡಿಯಾಗಿ ನುಚ್ಚು ಕೊಡಕಾಗಕಿಲ್ಲ ಕಣ್ರವ್ವ," ಎನ್ನುತ್ತಿದ್ದ ಗಿರಣಿಯವನು. "ಎಲ್ಲಾ ಒಟ್ಟಿಗೆ ಲಾರಿಗೆ ಓಯ್ತದೆ. ಫ್ಯಾಕ್ಟರಿಯೋರು ಕೊಳೆಸಿ ಸ್ಪಿರಿಟ್ ಮಾಡ್ತಾರೆ. ಪೆಟ್ರೋಲ್‌ಗೆ ಬೆರೆಸಕೆ."

"ಅನ್ನವ ಕೊಳೆಸ್ತಾರಾ?" ಎಂದಳು ಒಬ್ಬಳು.

"ಅನ್ನ ಅಲ್ಲಮ್ಮಿ, ನುಚ್ಚು."

"ನಮ್ಮನೇಲಿ ಅದೇ ಕಣಪ್ಪ ಅನ್ನ."

ಆತ ಕೆಟ್ಟವನಲ್ಲ. ಒಂದೊಂದು ಸೇರು ಹಾಕಿ ಕಳಿಸಿದ. ಮುಂದಿನ ವಾರ ಅದೂ ಇರಲಿಲ್ಲ. ದೂರದ ಸಿರಿವಂತ ದೇಶದವರು ಕಾರಿಗೆ ಜೋಳ ಸುರಿದರೆ ಎಲ್ಲೋ ಬಡ ದೇಶದಲ್ಲಿ ರೊಟ್ಟಿ ತುಟ್ಟಿಯಾಗುತ್ತದೆ ಎಂದು ಒಂದು ತರಬೇತಿಯಲ್ಲಿ ಹೇಳಿದ್ದರು. ನಾನು ಅಚ್ಚುಕಟ್ಟಾಗಿ ಬರೆದುಕೊಂಡಿದ್ದೆ. ಅದು ನನ್ನ ಕಣ್ಣೆದುರು, ನಾಲ್ಕೈದು ಬರಿಯ ಚೀಲಗಳ ರೂಪದಲ್ಲಿ ನಿಂತಾಗ ಮಾತ್ರ ಗುರುತು ಹಿಡಿಯಲು ಎರಡು ದಿನ ಬೇಕಾಯಿತು.

ಸೇವೆಯ ಕೊನೆಯ ವರ್ಷಗಳಿಗೆ ನಾನು ಮತ್ತೆ ಅಂತರಸಂತೆಗೆ ಬಂದೆ. ಕೆಲಸದ ರೀತಿಯೇ ಬದಲಾಗಿತ್ತು. ಸಭೆಗಳು ಫೋನಿನ ಪರದೆಯ ಮೇಲೆ ನಡೆಯುತ್ತಿದ್ದವು. ನಾಗಭೂಷಣ ಸಾಹೇಬರು ಇನ್ನೂ ಮೇಲೆ ಹೋಗಿದ್ದರು. ಒಂದು ದಿನ ಪರದೆಯಲ್ಲಿ ಕಾಣಿಸಿಕೊಂಡು, ಮುಸುಕಿನ ಜೋಳದಿಂದ ಗಾಡಿಗೆ ಇಂಧನ ಆಗುತ್ತಿದೆ, ಒಳ್ಳೆಯ ಬೇಡಿಕೆಯಿದೆ, ವಿಸ್ತೀರ್ಣ ಹೆಚ್ಚಿಸಿ ಎಂದರು. "ಇಂಧನವನ್ನೂ ಕೊಡುವವರು" ಎಂಬ ಹಳೆಯ ಮಾತನ್ನೇ ರೈತರ ಮುಂದೆ ನನ್ನಿಂದ ಮತ್ತೆ ಹೇಳಿಸಿದರು.

ಈ ಸಲ ಬೇಡಿಕೆ ಸುಳ್ಳಾಗಿರಲಿಲ್ಲ, ಅದನ್ನೂ ಹೇಳಬೇಕು. ಜೋಳಕ್ಕೆ ಬೆಲೆ ಬಂತು. ಚಿಕ್ಕತಾಯಮ್ಮನ ಮಗ ಮಹದೇವ ಹೊಲಕ್ಕೆಲ್ಲ ಜೋಳ ಹಾಕಿ ಮನೆಗೆ ತಾರಸಿ ಹಾಕಿಸಿದ. ನಾನು ಹೋಗಿ ಹೋಳಿಗೆ ಊಟ ಮಾಡಿ ಬಂದೆ. ಬಡವರ ಮನೆಯಲ್ಲಿ ಒಳ್ಳೆಯದಾದರೆ ಯಾರಿಗೆ ಬೇಡ? ಆದರೆ ಅವತ್ತು ಹಿತ್ತಲಲ್ಲಿ ಕೈ ತೊಳೆಯುವಾಗ ಚಿಕ್ಕತಾಯಮ್ಮ ಮೆಲ್ಲಗೆ, "ಈಗ ನಮ್ಮನೆ ಮುದ್ದೆ ರಾಗಿ ಅಂಗಡೀದು ಮೇಡಮ್ನೋರೆ," ಎಂದರು. ಮನೆಯಲ್ಲಿ ಏನೋ ಕಳ್ಳತನ ನಡೆದಿರುವಂತೆ ಹೇಳಿದರು.

ಆ ಹೊಲದಲ್ಲಿ ಮೊದಲು ರಾಗಿಯ ನಡುವೆ ಅಕ್ಕಡಿ ಸಾಲು ಇರುತ್ತಿತ್ತು. ಕೆಲವು ಸಾಲು ರಾಗಿಗೊಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು. ಅದೆಲ್ಲ ಹೋಗಿತ್ತು. ಅಂತರಸಂತೆಯ ಸಂತೆಯಲ್ಲಿ ರಾಗಿ ಮಾರುತ್ತಿದ್ದ ಮನೆಗಳವರೇ ಈಗ ರಾಗಿ ಕೊಳ್ಳಲು ಬರುತ್ತಿದ್ದರು. ಮಾರುವವರು ಕಡಿಮೆ, ಕೊಳ್ಳುವವರು ಹೆಚ್ಚು. ರಾಗಿಯ ಬೆಲೆ ಏರಿತೆಂದು ಹೇಳಬೇಕೇ? ಜೋಳ ಫ್ಯಾಕ್ಟರಿಗೆ ಹೋಗುತ್ತಿದ್ದರಿಂದ ಹಸುವಿಗೆ ಹಾಕುವ ಫೀಡ್ ಏರಿತು, ಕೋಳಿ ಮೇವು ಏರಿತು, ಮೊಟ್ಟೆ ಏರಿತು. ಹೊಲವಿದ್ದವರು ಜೋಳದ ಲಾಭದಲ್ಲಿ ಹೇಗೋ ಸರಿದೂಗಿಸಿದರು. ಹೊಲವಿಲ್ಲದ ಕೂಲಿಯವರು ಸರಿದೂಗಿಸುವುದು ಯಾವುದರಿಂದ? ಅವರು ಏನು ಮಾಡಿದರೆಂದು ನನಗೆ ಗೊತ್ತು. ಮೊಟ್ಟೆ ಬಿಟ್ಟರು. ಆಮೇಲೆ ಸಾರಿಗೆ ಬೇಳೆ ಹಾಕುವುದನ್ನು ಕಡಿಮೆ ಮಾಡಿದರು.

ಇಂಥ ಹೊತ್ತಿನಲ್ಲಿ ಸಾಹೇಬರು "ಯಶೋಗಾಥೆ" ಕೇಳಿದರು. ಒಬ್ಬ ಮಾದರಿ ಜೋಳದ ರೈತನ ವಿವರ ಮತ್ತು ಫೋಟೋ ಬೇಕಿತ್ತು. ಮಹದೇವನನ್ನು ಆರಿಸಿದೆ. ನಮೂನೆಯಲ್ಲಿ ಇಳುವರಿ ಎಷ್ಟು, ಆದಾಯ ಎಷ್ಟು ಎಂಬ ಅಂಕಣಗಳಿದ್ದವು. ನಾನು ಎಲ್ಲವನ್ನೂ ತುಂಬಿ, ಕೊನೆಗೆ ಒಂದು ಹಾಳೆ ಸೇರಿಸಿದೆ. ಈ ಮನೆಯವರು ಮೊದಲು ತಾವೇ ಬೆಳೆದುಕೊಳ್ಳುತ್ತಿದ್ದು ಈಗ ಕೊಳ್ಳುತ್ತಿರುವುದು: ರಾಗಿ, ತೊಗರಿ, ಅವರೆ, ಹುಚ್ಚೆಳ್ಳು, ಹಸುವಿನ ಹುಲ್ಲು. ಅದೇ ಊರಿನ ಕೂಲಿ ಮನೆಗಳವರು ಕೊಳ್ಳುವುದನ್ನೇ ಬಿಟ್ಟಿರುವುದು: ಮೊಟ್ಟೆ, ಬೇಳೆ.

ಆ ಹಾಳೆ ಹಾಗೇ ವಾಪಸು ಬಂತು. ಮೇಲೆ "ಅನಗತ್ಯ ವಿವರ" ಎಂದಿತ್ತು. ನಾನು ಮತ್ತೆ ಕಳಿಸಿದೆ. ಸಾಹೇಬರು ಫೋನು ಮಾಡಿದರು.

"ಏನ್ರಮ್ಮ, ನಿವೃತ್ತಿ ಹತ್ತಿರ ಬಂತೂಂತ ಹೀಗಾ? ಬೆಲೆ ವಿಚಾರ ನಮ್ಮ ಇಲಾಖೆದಲ್ಲ."

"ಹಾಗಾದರೆ ಯಾವ ಇಲಾಖೆದು ಸಾರ್? ಹೇಳಿ, ಅಲ್ಲಿಗೆ ಕಳಿಸ್ತೀನಿ."

"ಜೋಳ ಬೆಳೀರಿ ಅಂದಿದ್ದೀವಿ. ರಾಗಿ ಬೆಳೀಬೇಡಿ ಅಂತ ಯಾರಾದರೂ ಹೇಳಿದ್ದಾರಾ?"

"ಹೊಲ ಒಂದೇ ಅಲ್ವಾ ಸಾರ್?"

"ನೀವು ಹೇಳೋದು ನನಗೂ ಗೊತ್ತಮ್ಮ," ಎಂದರು, ಇಳಿದ ದನಿಯಲ್ಲಿ. "ನಮ್ಮನೇಲೂ ಸಂತೆ ಮಾಡ್ತಾರೆ. ಆದರೆ ನನ್ನ ಕೇಳೋದು ಎಷ್ಟು ಎಕರೆ ಅಂತ. ಅದಕ್ಕೆ ಉತ್ತರ ಕೊಡಬೇಕಾದವನು ನಾನು." ಫೋನು ಇಟ್ಟರು. ನನ್ನ ಹಾಳೆಯಿಲ್ಲದೆ ಯಶೋಗಾಥೆ ಅಚ್ಚಾಯಿತು. ಮಹದೇವನ ಫೋಟೋ ಚೆನ್ನಾಗಿ ಬಂದಿತ್ತು. ಅಂಗಡಿಯ ರಾಗಿಯ ಮಾತೆತ್ತಿದ ಅವನ ತಾಯಿ ಫೋಟೋದಲ್ಲಿರಲಿಲ್ಲ.

ನಾನು ನಿವೃತ್ತಳಾದ ವರ್ಷವೇ ಜೋಳದ ಬೆಲೆ ಬಿತ್ತು. ಎಲ್ಲರೂ ಅದನ್ನೇ ಬೆಳೆದಿದ್ದರು. ಫ್ಯಾಕ್ಟರಿಯವರು ಬೇರೆ ಕಡೆಯ ಕಾಳು ತರಿಸಿಕೊಳ್ಳುತ್ತಿದ್ದಾರೆಂದು ಒಬ್ಬರು, ಅವರು ಕೊಳ್ಳಬೇಕಾದ ಪಾಲು ಮುಗಿದಿದೆಯೆಂದು ಇನ್ನೊಬ್ಬರು ಹೇಳುತ್ತಿದ್ದರು. ರಸ್ತೆಯ ಬದಿಯಲ್ಲಿ ಟಾರ್ಪಾಲು ಹೊದ್ದ ಜೋಳದ ರಾಶಿಗಳು. ಮಹದೇವ ನನ್ನ ಮನೆಗೇ ಬಂದ.

"ಮೇಡಂ, ಜೋಳ ಏರಿದಾಗ ಫೀಡ್ ಏರ್ತು. ಸರಿ ಅನ್ನಿ. ಈಗ ಜೋಳ ಇಳಿದದೆ. ಫೀಡ್ ಯಾಕೆ ಇಳೀನಿಲ್ಲ? ರಾಗಿ ಯಾಕೆ ಇಳೀನಿಲ್ಲ?"

ಮೂವತ್ತು ವರ್ಷಕ್ಕೂ ಮಿಕ್ಕಿ ಬೇಸಾಯದ ಸಲಹೆ ಕೊಟ್ಟವಳು ನಾನು. ಕಾಫಿ ಕೊಟ್ಟು ಕಳಿಸಿದೆ.

ಉತ್ತರಕ್ಕಾಗಿ ಕಾಯುತ್ತ ಕೂರದವರು ಅವನ ತಾಯಿ. ಈ ವರ್ಷ ಮುಂಗಾರಿಗೆ ಮೊದಲೇ ಹೊಲದ ಮೇಲ್ಭಾಗಕ್ಕೆ ಕಡ್ಡಿ ನೆಟ್ಟು ಗೆರೆ ಎಳೆದರು. ಮಗ ಒಪ್ಪಲಿಲ್ಲ. ನಾನು ಆ ದಿನ ಅಲ್ಲೇ ಇದ್ದೆ.

"ಅಷ್ಟು ಜಾಗದಾಗೆ ರಾಗಿ ಆಕಿದ್ರೆ ಏನ್ ಗಿಟ್ತದೆ ಅವ್ವ?" ಎಂದ.

"ಗಿಟ್ಟದೇ ಬ್ಯಾಡ ಕಣ್ಲಾ. ಕೆಳಗಿಂದು ನಿಂದು, ಲಾರಿಗಾದ್ರೂ ಬೆಳಕೊ, ಕಾರಿಗಾದ್ರೂ ಬೆಳಕೊ. ಇದು ಒಟ್ಟೆಗೆ. ಇದರ ತಂಟೆಗೆ ಬರಬ್ಯಾಡ."

ಅವರೆ ಬೀಜಕ್ಕೆ ಕಾಡಂಚಿನ ಗಿರಿಜನರ ಹಾಡಿಯ ಒಬ್ಬ ಮುದುಕಿಯನ್ನು ಹುಡುಕಿಕೊಂಡು ಹೋಗಿ ಬೊಗಸೆಯಷ್ಟು ಬೇಡಿ ತಂದಿದ್ದರು. ಬೂದಿಯಲ್ಲಿ ಹೊರಳಿಸಿಟ್ಟಿದ್ದ, ಮೇಲೆ ಕಪ್ಪು ಚುಕ್ಕೆಯಿದ್ದ ಕಾಳು. ನಮ್ಮ ಯಾವ ಪಟ್ಟಿಯಲ್ಲೂ ಆ ತಳಿಗೆ ಹೆಸರಿಲ್ಲ.

ಮೊನ್ನೆ ಬೆಳೆ ಸಮೀಕ್ಷೆ ನಡೆಯಿತು. ಈಗ ಅದೂ ಫೋನಿನಲ್ಲೇ. ಹೊಲದಲ್ಲಿ ನಿಂತು ಫೋಟೋ ತೆಗೆದು, ಬೆಳೆಯ ಹೆಸರು ಒತ್ತಿ ಕಳಿಸುವುದು. ಹೊಸದಾಗಿ ಬಂದಿರುವ ಹುಡುಗಿ ರೂಪಾ, ದಾರಿ ತೋರಿಸಿ ಮೇಡಂ ಎಂದು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮಹದೇವನ ಹೊಲದ ಬಳಿ ರಸ್ತೆಯಲ್ಲೇ ಗಾಡಿ ನಿಲ್ಲಿಸಿ, ಕೂತಲ್ಲಿಂದಲೇ ಒಂದು ಫೋಟೋ ತೆಗೆದು "ಮುಸುಕಿನ ಜೋಳ" ಎಂದು ಒತ್ತಲು ಹೋದಳು. ನನಗೆ ರೇಗಿತು.

"ಗಾಡಿಯಿಂದ ಇಳಿಯಮ್ಮ. ಹೊಲಕ್ಕೆ ಇಳಿ."

ಪಾಪ, ಹೆದರಿ ಇಳಿದಳು. ಅಂದು ಅವಳು ಇನ್ನೂ ಅನೇಕ ಹೊಲ ಮುಗಿಸಬೇಕಿತ್ತು. ಅವಳ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಜೋಳದ ಸಾಲು ದಾಟಿ ಮೇಲ್ಭಾಗಕ್ಕೆ ಕರೆದುಕೊಂಡು ಹೋದೆ. ರಾಗಿ ತೆನೆ ಬಿಟ್ಟಿತ್ತು. ನಡುವೆ ಅವರೆ ಹೂವು, ಹುಚ್ಚೆಳ್ಳಿನ ಹಳದಿ. ಚಿಕ್ಕತಾಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಳೆ ಕೀಳುತ್ತಿದ್ದರು. ರೂಪಾ ಒಂದೊಂದನ್ನೂ ತೋರಿಸಿ ಹೆಸರು ಕೇಳಿಕೊಂಡು ಒತ್ತಿದಳು. ಹುಚ್ಚೆಳ್ಳನ್ನು ಅವಳು ಹೊಲದಲ್ಲಿ ನೋಡಿದ್ದು ಅದೇ ಮೊದಲಂತೆ. ಆಮೇಲೆ, "ಅಜ್ಜಿ, ಅಂದಾಜು ಎಷ್ಟು ಬರಬಹುದು? ಬರ್ಕೋಬೇಕು," ಎಂದಳು.

ಚಿಕ್ಕತಾಯಮ್ಮ ಎದ್ದು ನಿಂತು ತುಂಡಿನ ಉದ್ದಗಲಕ್ಕೂ ಕಣ್ಣಾಡಿಸಿದರು. "ನಾಕು ಜನ ಮುಂದಿನ ಸುಗ್ಗಿಗಂಟ ಉಣ್ಣೋವಷ್ಟು ಅಂತ ಆಕವ್ವ."

ರೂಪಾ ಫೋನು ನೋಡಿದಳು, ನನ್ನನ್ನು ನೋಡಿದಳು. "ಅದು ಇದರಲ್ಲಿ ಹೋಗಲ್ಲ ಅಜ್ಜಿ. ಕ್ವಿಂಟಾಲ್ ಲೆಕ್ಕದಲ್ಲಿ ಹೇಳಬೇಕು."

"ಓಗ್ದಿದ್ರೆ ಬುಡವ್ವ," ಎಂದು ಚಿಕ್ಕತಾಯಮ್ಮ ಮತ್ತೆ ಕಳೆಗೆ ಬಗ್ಗಿದರು. "ಒಲ್ದಲ್ಲಿ ಅದೆಯಲ್ಲ."